ನಾಲ್ಕು ಬೆರಳು

ಮದುಮಗ ಕೂರುವ ಮೊದಲೇ
ಕಾರು ಕೂತುಬಿಟ್ಟಿತ್ತು.

ಶಾಮಿಯಾನದ ಕೊಟ್ರಗೌಡರ ಬಿಳಿ ಬೆಂಜು,
ಮೂರು ಕೈ ದಾಟಿ ಬಂದದ್ದು, ಇಪ್ಪತ್ತು ವರ್ಷದ್ದು,
ಮೈತುಂಬ ಸೇವಂತಿಗೆ, ಬಾನೆಟ್ಟಿನ ಮೇಲೆ ಜೋಡಿ ಹೆಸರು,
ಎಡ ಮುಂಗಾಲು ಮಡಚಿಕೊಂಡು
ಏಳಲೊಲ್ಲದ ಎಮ್ಮೆಯ ಹಾಗೆ
ಛತ್ರದ ಬಾಗಿಲಲ್ಲಿ.
ಮದುಮಗ ಆಟೋದಲ್ಲಿ ಹೋದನಂತೆ,
ಪೇಟ ತೊಡೆಯ ಮೇಲಿಟ್ಟುಕೊಂಡು.

ಲಾರಿಗೆ ಏರಿಸಿ ತಂದರು
ಪಿ.ಬಿ. ರಸ್ತೆಯ ಹಿಂದಿನ ನಮ್ಮ ಶೆಡ್ಡಿಗೆ.
ಹುಬ್ಬಳ್ಳಿಯಲ್ಲಿ ಆಗಲೇ ಎರಡು ಸಲ ಪಂಪು ಬದಲಾಗಿತ್ತು.
'ಪಂಪಿನ ತಪ್ಪೇನೈತ್ರಿ ಗೌಡ್ರೆ' ಅಂದರು ಬುಡೇನ್ ಸಾಬರು,
'ಸೋರೋದು ಬ್ಯಾರೆ ಕಡೆ.
ಅದು ಪಾಪ, ತುಂಬಿಸೀ ತುಂಬಿಸೀ
ಸುಟ್ಟುಹೋಗ್ತೈತಿ.'

ಸರ್ಫಿನ ನೀರು, ಬಣ್ಣ ಬಳಿಯುವ ಹಳೇ ಬ್ರಶ್ಶು.
ಸ್ಟ್ರಟ್ಟಿನ ಮೈಗೆ ಸವರಿ ಕಾದೆವು.
ರಬ್ಬರು ಮಡಚಿಕೊಳ್ಳುವ ನೆರಿಗೆಯಲ್ಲಿ
ಒಂದು ಗುಳ್ಳೆ ಎದ್ದಿತು,
ಕೂಸಿನ ತುಟಿಯಂಚಿನ ಜೊಲ್ಲಿನಷ್ಟು.
ನಿಂತಿತು. ಒಡೆಯಿತು.
ಇನ್ನೊಂದು.
ನಾನು ಮಂಡಕ್ಕಿ ಭಟ್ಟಿಯ ಓಣಿಯವನು,
ಬಿಸಿ ಮರಳಲ್ಲಿ ಅಕ್ಕಿ ಉಬ್ಬುವುದನ್ನು ನೋಡುತ್ತ ಬೆಳೆದವನು;
ಉಬ್ಬಿದ್ದು ಹೀಗೆ ಗುಟ್ಟಾಗಿ
ಇಳಿಯುವುದನ್ನು ಕಂಡದ್ದು ಅವತ್ತೇ.

ಹೊಸದಕ್ಕೆ ಒಂದು ಲಕ್ಷ ನಲವತ್ತು ಸಾವಿರ,
ಬೆಂಗಳೂರಿನ ದರ, ಒಂದು ಕಾಲಿಗೆ.
ಗೌಡರು ಲೆಕ್ಕ ಹಾಕಿದ್ದು ಕುರ್ಚಿಯಲ್ಲಿ:
ಕುರ್ಚಿಗೆ ಆರು ರೂಪಾಯಿ ಬಾಡಿಗೆ,
ಎಷ್ಟು ಸಾವಿರ ಮಂದಿ ಕೂತೆದ್ದರೆ
ಒಂದು ಕಾರು ಎದ್ದು ನಿಂತೀತು?
'ಸ್ಪ್ರಿಂಗ್ ಹಾಕಿಬಿಡ್ರಿ ಅತ್ಲಾಗೆ.'
'ಹಾಕಬೌದು. ನಿಲ್ತೈತಿ.
ಆದ್ರ ಟ್ರ್ಯಾಕ್ಟರಿನಂಗ ಕುಣೀತೈತಿ,
ಮದುಮಗಳು ನಡಕೊಂಡೇ ಬರ್ತೀನಿ ಅಂದಾಳು.'

ದಿಲ್ಲಿಯಿಂದ ಬರೀ ರಬ್ಬರು ತರಿಸಿದೆವು. ಒಂಬತ್ತು ದಿನ.
ಪೌಡರು ಬಳಿದ ಕಪ್ಪು ತೋಳು.
ಹಳೆಯದನ್ನು ಕೊಯ್ದಾಗ ಒಳಗುಳಿದ ಗಾಳಿ ಮುಖಕ್ಕೆ ಬಂತು;
'ಜರ್ಮನಿ ವಾಸನೆ' ಅಂದೆ.
ಸಾಬರು ನಕ್ಕರು: 'ಹುಬ್ಬಳ್ಳೀದಲೇ ಅದು.'

ಉಂಗುರ ಬಿಗಿಯುವ ಯಂತ್ರ ನಮ್ಮಲ್ಲಿರಲಿಲ್ಲ.
ಹತ್ತಿ ಗಿರಣಿ ಮುಚ್ಚಿದಾಗ ಹರಾಜಿನಲ್ಲಿ ಹಿಡಿದಿದ್ದ ಲೇತಿನ ಮೇಲೆ
ಸಾಬರೇ ಒಂದು ದವಡೆ ಕಡೆದರು, ಎಂಟು ಹಲ್ಲಿನದು.
ಜಾಕಿ ಒತ್ತಿದರೆ ಸುತ್ತಲೂ ಒಂದೇ ಸಲ ಕಚ್ಚುವಂಥದು.
'ಜಾಸ್ತಿ ಕಚ್ಚಿಸಬ್ಯಾಡ, ರಬ್ಬರು ಕಡೀತೈತಿ.
ಕಮ್ಮೀನೂ ಬ್ಯಾಡ.'
ಎಷ್ಟು ಅಂತ ಹೇಳಲಿಲ್ಲ.
ಈಗ ನನ್ನ ಹುಡುಗರಿಗೆ
ನನಗೂ ಹೇಳಲು ಬರುವುದಿಲ್ಲ.

ಸಂಜೆ ಎಬ್ಬಿಸಿದೆವು. ಸದ್ದಿಲ್ಲದೆ ಎದ್ದಿತು.
ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ
ಸಾಬರು ಕೈ ಅಡ್ಡ ಹಿಡಿದರು: ನಾಲ್ಕು ಬೆರಳು.
ಬಳಪದಲ್ಲಿ ಗೋಡೆಯ ಮೇಲೆ ಬರೆದೆ.
ಅವರ ನಾಲ್ಕೆಂದರೆ ಮೂರೂವರೆ,
ಕಿರುಬೆರಳಿನ ಅರ್ಧವನ್ನು ಯಾವುದೋ ಅಂಬಾಸಿಡರಿನ
ಫ್ಯಾನ್‌ಬೆಲ್ಟು ತಿಂದಿತ್ತು.
ನನ್ನ ಕೈಯಲ್ಲಿ ಅಳೆದು ನೋಡಿಕೊಂಡೆ, ತಾಳೆಯಾಯಿತು.

ರಾತ್ರಿ ಕಾಯುವುದು ನನ್ನ ಪಾಲು.
ಹನ್ನೊಂದಕ್ಕೆ ನಾಲ್ಕು. ಒಂದಕ್ಕೆ ನಾಲ್ಕು.
ಲಾರಿಗಳ ಸದ್ದು ತೆಳುವಾದ ಎರಡೂವರೆಗೆ
ಗೋಣಿಚೀಲ ಹಾಸಿ ಅಡಿಯಲ್ಲಿ ಮಲಗಿ
ಕಿವಿ ಹಚ್ಚಿದೆ.
ಅಲ್ಲಿ ಏನೂ ಇರಲಿಲ್ಲ.
ಏನೂ ಇಲ್ಲದ್ದನ್ನು
ಅಷ್ಟು ಹೊತ್ತು, ಅಷ್ಟು ಆಸೆಯಿಂದ
ಮತ್ತೆ ಯಾವತ್ತೂ ಕೇಳಿಲ್ಲ ನಾನು.

ಬೆಳಿಗ್ಗೆ ಗೌಡರು ಬಂದರು, ಮಿರ್ಚಿಯ ಪೊಟ್ಟಣದೊಂದಿಗೆ.
ಎಡಗಡೆ ನಾಲ್ಕು.
ಗೋಡೆ ತೋರಿಸಿದೆ, ಸಾಲಾಗಿ ನಾಲ್ಕು, ನಾಲ್ಕು, ನಾಲ್ಕು.
ಸಾಬರು ಏನೂ ಅನ್ನದೆ ಸುತ್ತು ಹಾಕಿ
ಬಲಗಡೆ ಬಗ್ಗಿದರು,
ರಾತ್ರಿಯಿಡೀ ಯಾರೂ ಅಳೆಯದ ಕಡೆ.
ಕೈ ಇಟ್ಟರು.
ಎರಡೇ ಬೆರಳು ಹಿಡಿದವು.

'ಇಷ್ಟು ದಿನ ಅದರ ಪಾಲೂ
ಇದೇ ಹೊತ್ತಿತ್ತು ನೋಡ್ರಿ.'

ಗೌಡರು ಟವಲು ಕೊಡವಿ
ಹಳೇ ಟೈರೊಂದರ ಮೇಲೆ ಕೂತರು.
ಮಿರ್ಚಿ ಆರುತ್ತಿತ್ತು.
ಸ್ವಲ್ಪ ಹೊತ್ತಿಗೆ ಜೇಬಿನಿಂದ ಡೈರಿ ತೆಗೆದು
ಮತ್ತೆ ಮೊದಲಿನಿಂದ
ಕುರ್ಚಿ ಎಣಿಸತೊಡಗಿದರು.

ನಾನು ಸರ್ಫು ಕಲಸಲು ಹೋದೆ.