ನೂರಕ್ಕೆ ಎಪ್ಪತ್ತೊಂದು

ಮೂವತ್ತು ವರ್ಷ ಪರರ ಸವಕಳಿ ಬರೆದವಳು ನಾನು,
ಮಂಡಿಪೇಟೆಯ ಮಹಡಿಯಲ್ಲಿ, ಪ್ರತಿ ಮಾರ್ಚಿಗೂ:
ಎಣ್ಣೆ ಗಾಣ, ನೂರಕ್ಕೆ ಹದಿನೈದು.
ಮಂಡಕ್ಕಿ ಭಟ್ಟಿಯ ಮೋಟಾರು, ಹದಿನೈದು.
ಕುರ್ಚಿ ಮೇಜು, ಹತ್ತು.
ಉಳಿದದ್ದರಲ್ಲಿ ಕಳೆದು, ಮತ್ತೆ ಉಳಿದದ್ದರಲ್ಲಿ ಕಳೆದು
ಕೆಳಗೆ ಗೆರೆ ಎಳೆದರೆ ಮುಗಿಯಿತು.
ಯಾವ ಗಾಣದ ಮುಖವನ್ನೂ ಕಂಡವಳಲ್ಲ.

ಈಗ ನನ್ನದೇ ಒಂದಿದೆ.
ಬಿಳಿ ಬಣ್ಣದ್ದು, ಕೊಂಡಾಗಲೇ ಮೂರು ವರ್ಷದ್ದು,
ಸದ್ದೇ ಇಲ್ಲದ ಕಾರು.
ಮಾರಿದವನು ಬಾನೆಟ್ಟು ತಟ್ಟಿ ಹೇಳಿದ್ದ:
ಪೆಟ್ರೋಲಿಲ್ಲ, ಗೇರಿಲ್ಲ, ಬೆಲ್ಟಿಲ್ಲ, ಖರ್ಚೇ ಇಲ್ಲ ತಾಯಿ,
ಕಿಲೋಮೀಟರಿಗೆ ಒಂದೇ ರೂಪಾಯಿ.
ನಿಜ. ನಾಲ್ಕು ವರ್ಷ ನಿಜ.
ಮಂಗಳವಾರ ದುರ್ಗಕ್ಕೆ ಹೋಗಿ
ಸಹಕಾರ ಸಂಘದ ಲೆಕ್ಕ ನೋಡಿ
ಅದೇ ಚಾರ್ಜಿನಲ್ಲಿ ದಾವಣಗೆರೆಗೆ ಬಂದು
ರಾತ್ರಿ ಪ್ಲಗ್ಗಿಗೆ ಕಟ್ಟುತ್ತಿದ್ದೆ, ಎಮ್ಮೆ ಕಟ್ಟಿದ ಹಾಗೆ.

ಐದನೇ ಬೇಸಿಗೆಗೆ
ಮೈಲಿಗಲ್ಲುಗಳು ಇದ್ದಲ್ಲೇ ಇದ್ದು ಊರು ದೂರವಾಯಿತು.
ಏಸಿ ಹಾಕಿದರೆ ಕಾರು ಮನೆ ಮುಟ್ಟದು,
ಹಾಕದಿದ್ದರೆ ನಾನು ಮುಟ್ಟುವುದಿಲ್ಲ.
ಹಿಂದೆ, ದುರ್ಗದ ಗುಡ್ಡಗಳ ಮೇಲೆ
ಗಾಳಿಯಂತ್ರಗಳು ಬೇಕಾದಷ್ಟು ಕರೆಂಟು ತಿರುವುತ್ತಿದ್ದವು,
ಕನ್ನಡಿಯಲ್ಲಿ ಕಂಡೆ.
ಕೆರೆ ತುಂಬಿದೆ, ನನ್ನ ಕೊಡ ಕುಗ್ಗಿದೆ.

ಸರ್ವೀಸಿನ ಮೈಲಾರಿ ವೈರು ಚುಚ್ಚಿ, ಪರದೆ ನೋಡಿ ಅಂದ:
"ಆರೋಗ್ಯ ಎಪ್ಪತ್ತೊಂದೈತಿ ಮೇಡಂ.
ಎಪ್ಪತ್ತರ ಕೆಳಗೆ ಇಳಿದ್ರೆ ಕಂಪನಿಯೋರು ಹೊಸಾದು ಹಾಕ್ತಾರೆ, ಪುಕ್ಕಟೆ.
ವಾರಂಟಿ ಇನ್ನು ಮೂರು ತಿಂಗ್ಳು."
"ಇಳೀದಿದ್ರೆ?"
"ನಾಲ್ಕು ಲಕ್ಷದ ಅರವತ್ತು ಸಾವಿರ."
"ಕಾರೇ ಮಾರಿದ್ರೆ?"
"ಮೂರು ಬರ್ತೈತಿ. ಬ್ಯಾಟ್ರಿ ಕೇಳದವರು ಸಿಕ್ರೆ."

ಆವತ್ತಿನಿಂದ ನಾನು ಕೆಟ್ಟೆ.
ಕೈಪಿಡಿ ಬೇಡವೆಂದದ್ದನ್ನೆಲ್ಲ
ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಮಾಡಿದೆ.
ನೂರು ತುಂಬಿಸಿ ನಡುಮಧ್ಯಾಹ್ನದ ಬಯಲಲ್ಲಿ ನಿಲ್ಲಿಸಿದೆ.
ಬೇವಿನ ನೆರಳು ಪಕ್ಕದಲ್ಲೇ ಇತ್ತು, ನೋಡಿಯೂ ನೋಡಲಿಲ್ಲ.
ಮೂರಕ್ಕಿಳಿಯುವವರೆಗೆ ರಿಂಗ್ ರೋಡು ಸುತ್ತಿದೆ.
ಒಂದೇ ಒಂದು ಅಂಕ ತಿದ್ದದವಳು
ಅಂಕವನ್ನು ಬಿಸಿಲಿಗೆ ಹಾಕಿ ಕರಗಿಸಲು ಕೂತೆ.
ರಾತ್ರಿ ಒಮ್ಮೊಮ್ಮೆ ಅದರ ಫ್ಯಾನು ತಾನಾಗಿ ತಿರುಗಿ
ಮೈ ಆರಿಸಿಕೊಳ್ಳುವ ಸದ್ದು ಕಿಟಕಿಯಲ್ಲಿ ಕೇಳಿ
ಮಗ್ಗುಲು ಬದಲಿಸಿದೆ.

ಭರಮಸಾಗರದ ಚಾರ್ಜರಿನ ಎದುರು ನೂರ್‌ಜಾನಳ ಅಂಗಡಿ.
ಕಪ್ಪು ಬಾಣಲೆ, ಅವಳ ಅತ್ತೆಯದು.
ಸುಟ್ಟಷ್ಟೂ ಪಳಗುತ್ತೆ ಅಕ್ಕ, ಅನ್ನುತ್ತಾಳೆ,
ಹೊಸ ಬಾಣಲೆಗೆ ಮೆಣಸಿನಕಾಯಿ ಕಚ್ಕೊಂಡು ಬಿಡುತ್ತೆ.
ನನ್ನದು ಆ ಕುಲದ್ದಲ್ಲ, ಅಂದೆ.
ಅವಳಿಗೆ ಅರ್ಥವಾಗಲಿಲ್ಲ; ಚಹಾ ಕೊಟ್ಟಳು.

ಮೂರು ತಿಂಗಳ ಕೊನೆಯ ಶನಿವಾರ.
ಮೈಲಾರಿ ವೈರು ಚುಚ್ಚಿದ.
ನಾನು ಕಣ್ಣು ಮುಚ್ಚಿ ಅದರ ಕೇಡು ಬೇಡಿದೆ, ಹೆಚ್ಚಲ್ಲ,
ಎರಡು ಅಂಕದ ಕೇಡು.
"ಎಪ್ಪತ್ತೆರಡು!" ಅಂದ. "ಏರೈತಿ ಮೇಡಂ!
ಪೂರ್ತಿ ತುಂಬ್ಸಿ ಪೂರ್ತಿ ಬರಿದು ಮಾಡಿದ್ರೆ
ಮೀಟ್ರು ತನ್ನ ಲೆಕ್ಕ ತಾನೇ ಸರಿ ಮಾಡ್ಕಂತೈತಿ.
ಚಲೋ ನೋಡ್ಕಂಡೀರಿ."

ವಾರಂಟಿ ಮುಗಿದು ಇಂದಿಗೆ ಹನ್ನೊಂದು ದಿನ.
ಮಂಗಳವಾರ. ಭರಮಸಾಗರ. ಇನ್ನೂ ನಲವತ್ತು ನಿಮಿಷ.
ಈಗ ನೆರಳಲ್ಲಿ ನಿಲ್ಲಿಸುತ್ತೇನೆ; ಎಂಬತ್ತಕ್ಕೆ ಬಿಡಿಸುತ್ತೇನೆ.
ಮಡಿಲ ಮೇಲೆ ಪುಸ್ತಕ.
ಕಿಲೋಮೀಟರಿಗೆ ಒಂದು ರೂಪಾಯಿ ಎಂಬುದನ್ನು ಹೊಡೆದು
ಮೂರೂ ಮುಕ್ಕಾಲು ಎಂದು ಬರೆದಿದ್ದೇನೆ,
ಹೊಸ ಬ್ಯಾಟರಿಗೆ ತಿಂಗಳಿಗಿಷ್ಟು ಎತ್ತಿಡುವುದೂ ಸೇರಿ.
ಇನ್ನೊಂದು ಬಾಬ್ತು ಉಳಿದಿದೆ:
ಮಿರ್ಚಿ ಎರಡು, ಚಹಾ ಒಂದು, ಮೂವತ್ತು ರೂಪಾಯಿ.
ಯಾವ ತಲೆಬರಹಕ್ಕೆ ಹಾಕುವುದೋ ತಿಳಿಯದೆ
ಪೆನ್ನು ಕಚ್ಚುತ್ತ ಕೂತು,
ಕೊನೆಗೆ
ಇಂಧನ ಎಂದು ಬರೆದೆ.