ಬಾಗಿಲು ಮುಚ್ಚುವ ಬಗೆ

ಎಂಬತ್ತನಾಲ್ಕು ತಿಂಗಳ ಕಂತಿಗೆ ಸಹಿ ಹಾಕಿ ಹೊರಬಂದೆ.
ನನ್ನ ಅರವತ್ತೊಂದಕ್ಕೆ ಏಳು ಕೂಡಿಸಿ ಆರ್ಲೀನ್ ನಕ್ಕಳು:
"ಮೊದಲು ತೀರುವುದು ಸಾಲವೋ, ನೀನೋ?"

ಮೊಂಟಾನಾದ ಗಾಳಿ ಅಂದೂ ಬಿಟ್ಟಿರಲಿಲ್ಲ.
ಹೊಸ ಪಿಕಪ್ ನಿಂತಿತ್ತು
ತಪ್ಪು ಮದುವೆಮನೆಗೆ ಬಂದವನ ಹಾಗೆ,
ಮೈಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲದೆ.

ಹಳೆಯದಕ್ಕೆ ನಾನೂರು ಡಾಲರು ಕೊಟ್ಟರು.
ಬಾನೆಟ್ ಕೂಡ ತೆರೆದು ನೋಡಲಿಲ್ಲ.
ಕಾಲಬುಡದ ತೂತಿನಲ್ಲಿ ಇಪ್ಪತ್ತಾರು ವರ್ಷ
ರಸ್ತೆ ಓಡುವುದನ್ನು ಕಂಡವನು ನಾನು;
ವೇಗ ತಿಳಿಯಲು ಮುಳ್ಳು ನೋಡಿದ್ದೇ ಇಲ್ಲ.

ಇದೋ, ಬಾಯಿ ಮುಚ್ಚುವುದಿಲ್ಲ.
ಬೆಲ್ಟು ಹಾಕು, ಗೆರೆ ದಾಟಬೇಡ,
ದಣಿದಿದ್ದೀಯ, ಕಾಫಿ ಕುಡಿ.
ಹೆತ್ತವಳೂ ನನ್ನನ್ನು ಇಷ್ಟು ವಿಚಾರಿಸಿದವಳಲ್ಲ.

ನಾಯಿ ಮಾತ್ರ ಹತ್ತಲೊಲ್ಲದು.
ಮೂಸಿತು, ಟೈರಿಗೆ ಸಲ್ಲಬೇಕಾದ್ದು ಸಲ್ಲಿಸಿತು,
ಹಳೆಯದು ನಿಲ್ಲುತ್ತಿದ್ದ ಎಣ್ಣೆಕಲೆಯ ಮೇಲೆ
ಹೋಗಿ ಮಲಗಿತು.

ನನ್ನ ಕೈಯೂ ಅದರ ಜಾತಿಯದೇ.
ಬಾಗಿಲನ್ನು ಕೊಂಚ ಎತ್ತಿ, ಜಗ್ಗಿ ಎಳೆಯುತ್ತೇನೆ;
ಎತ್ತುವ ಅಗತ್ಯವೇ ಇಲ್ಲದ ಬಾಗಿಲು
ಧಡಾರನೆ ಬಡಿದು ನನ್ನನ್ನೇ ಬೈಯುತ್ತದೆ.

ನಿನ್ನೆ ಮೇವಿನಂಗಡಿಯ ಮುಂದೆ ಕಂಡೆ ಅದನ್ನು.
ಯಾವನೋ ಹುಡುಗ,
ಮೀಸೆ ಬರಲೋ ಬೇಡವೋ ಎನ್ನುತ್ತಿತ್ತು,
ದನಗಳ ಉಪ್ಪಿನ ಇಟ್ಟಿಗೆ ಹೇರಿ, ಹತ್ತಿ ಕೂತ.
ಬಾಗಿಲು ಎಳೆದ. ಹಿಡಿಯಲಿಲ್ಲ.
ಮತ್ತೆ ಎಳೆದ.
ಹೇಳಿಕೊಡೋಣವೆಂದು ಎರಡು ಹೆಜ್ಜೆ ಇಟ್ಟೆ.

ಅಷ್ಟರಲ್ಲಿ ಅವನೇ, ಎತ್ತಲೋ ನೋಡುತ್ತ,
ಕೊಂಚ ಎತ್ತಿ
ಮುಚ್ಚಿದ.