ಬಾಕಿ ಎಪ್ಪತ್ತು

ಸೀಡಿಯ ಮೂರನೆಯ ತುಂಡು. ಏಳು ನಿಮಿಷ ಹನ್ನೆರಡು ಸೆಕೆಂಡು.
ಮೊದಲು ಎದೆಗೂಡಿಗೆ ಗುದ್ದುವ ಢಮ್ಮು,
ಅದರ ಮೇಲೆ ಯಾವ ನಾಡಿನದೋ ಕೊಳಲು,
ಮರುಭೂಮಿಯ ಹೆಂಗಸೊಬ್ಬಳ ಉಲುಹು,
ಆಮೇಲೆ ತಟಕ್ಕನೆ ನಮ್ಮ ದೂಮಪ್ಪಣ್ಣ:
ನೂರೆಪ್ಪತ್ ನೂರೆಪ್ಪತ್ ನೂರೆಪ್ಪತ್
ಒರು ತರಂ
ರಂಡು ತರಂ
ಅಷ್ಟೆ. ಮತ್ತೆ ಢಮ್ಮು.
ಮತ್ತೆ ನೂರೆಪ್ಪತ್ತು.

ಹೊದಿಕೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದೆ:
ದನಿ, ಬೆಸ್ತನೊಬ್ಬ, ಗೋವಾ ತೀರ.
ನೇತ್ರಾವತಿ ಸಂಕ ದಾಟಿ ವೆನ್ಲಾಕ್ ಆಸ್ಪತ್ರೆಯಿಂದಾಚೆ
ಕಾಲಿಟ್ಟವನಲ್ಲ ದೂಮಪ್ಪ ಶ್ರೀಯಾನ್.
ಬಲೆ ಬಿಟ್ಟು ಆಗಲೇ ಹತ್ತು ವರ್ಷ;
ಮಂಜೇಶ್ವರದ ಹೊಯಿಗೆಯ ಮೇಲೆ ಏಲಂ ಕೂಗುವವ.
ತೆಂಕಣ ಲಾರಿಯವರಿಗೆ ಮಲಯಾಳದಲ್ಲಿ,
ಬುಟ್ಟಿ ಹೊರುವ ಹೆಂಗಸರಿಗೆ ತುಳುವಿನಲ್ಲಿ,
ಎಂ-ಎಯ್ಟಿ ಏರಿ ಅವಸರ ಮಾಡುವವರಿಗೆ ಬ್ಯಾರಿಯಲ್ಲಿ,
ಬೈಗುಳ ಎಲ್ಲರಿಗೂ ಹಿಂದೂಸ್ತಾನಿಯಲ್ಲಿ.
ಲೆಕ್ಕ ಮಾತ್ರ ಕನ್ನಡದಲ್ಲಿ.
ಅದು ನಾನು, ಐಸಿನ ಪೆಟ್ಟಿಗೆಯ ಮೇಲೆ ಕೂತು,
ನೀರು ಬಿದ್ದು ಹಬ್ಬಿದ ಶಾಯಿಯಲ್ಲಿ.

ಅವರು ಬಂದದ್ದು ತೊಂಬತ್ತೆಂಟರ ಸೋಣ ಕಳೆದ ಮೇಲೆ.
ಇಬ್ಬರು. ಅವಳ ಕೈಯಲ್ಲಿ ಕೋಲು, ಕೋಲಿನ ತುದಿಗೆ
ಬೂದು ಬೆಕ್ಕಿನಂಥ ತುಪ್ಪುಳದ ಮೈಕು.
ಮಕ್ಕಳು ಅದನ್ನೇ ನೋಡಿದರು.
ಬೆಕ್ಕುಗಳೂ ನೋಡಿದವು.
ಅವನು ಉದ್ದಕ್ಕೆ, ಕಿವಿಗೆ ಗೆರಟೆಯಂಥ ಹೆಡ್‌ಫೋನು,
ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ
ದೂಮಪ್ಪನ ಕೂಗಿನ ತಾಳಕ್ಕೆ.

ಏಲಮಿನ ಹೊತ್ತಿನಲ್ಲಿ ನಮ್ಮ ಕಡಲಕರೆಯಲ್ಲಿ
ತಲೆ ಆಡಿಸಿದರೆ ಅದು ಬೆಲೆ.
ನೂರೈವತ್ತು, ಆಡಿಸಿದ.
ನೂರರುವತ್ತು, ಆಡಿಸಿದ.
ಪಳ್ಳಿಕುಂಞಿ ಸಾಕೆಂದು ಹಿಂದೆ ಸರಿದು ಬೀಡಿ ಹಚ್ಚಿದರು.
ದೂಮಪ್ಪಣ್ಣ ರೂಢಿಯಂತೆ ಎರಡಾದ ಮೇಲೆ ಒಮ್ಮೆ ಕೆಮ್ಮಿ
(ಆ ಕೆಮ್ಮಿನ ಎಡೆಯಲ್ಲಿ ಮನಸ್ಸು ಬದಲಿಸುವವರು
ಬದಲಿಸಬಹುದಿತ್ತು, ಅದು ಅವನ ದಯೆ)
ಮೂನ್ನು ತರಂ, ಎಂದ.
ಒಂದು ಬುಟ್ಟಿ ಬಂಗುಡೆ ಆ ಮನುಷ್ಯನ ಕಾಲಬುಡಕ್ಕೆ ಬಂತು.
ಅವನು ಕಣ್ಣು ಬಿಟ್ಟ.

ಗೊತ್ತಾಗುವಾಗ ಹೊಯಿಗೆಯೆಲ್ಲ ನಗು.
ಕಿಸೆಗೆ ಸಿಕ್ಕ ನೂರರ ನೋಟು ಕೊಟ್ಟು,
ಉಳಿದದ್ದು ನಾಳೆ ಎಂದು ಕೈಸನ್ನೆ ಮಾಡಿ
ರೈಲಿಗೆ ಓಡಿದರು. ಮೀನು ಬಿಟ್ಟೇ ಹೋದರು.
ಅಂದು ಬೆಕ್ಕುಗಳಿಗೂ ಸಾಕಾಗಿ ಉಳಿಯಿತು.

ಪುಸ್ತಕ ಇನ್ನೂ ನನ್ನಲ್ಲಿದೆ. ಪುಟ ನಲವತ್ತೊಂದು:
ಬುಟ್ಟಿ ಹದಿನೇಳು, ಬಂಗುಡೆ, ನೂರೆಪ್ಪತ್ತು.
ಜಮೆ ನೂರು. ಬಾಕಿ ಎಪ್ಪತ್ತು.
ಹೆಸರಿನ ಜಾಗದಲ್ಲಿ: ತಲೆ ಆಡಿಸಿದವರು.

ಮೊನ್ನೆ ಉಪ್ಪಳದ ಮದುವೆ ಹಾಲಿನ ಡೀಜೆ ಹುಡುಗ
ಇದು ನಮ್ಮೂರ ಮಾತಾ ಮಾಸ್ಟ್ರೇ, ಎಂದು ತಂದು ಕೇಳಿಸಿದ.
ನಾನು ಯಮುನಳಲ್ಲಿಗೆ ಒಯ್ದೆ.
ಒಂದು ಕಿವಿಯಲ್ಲಿ ವಯರು, ಒಂದು ಕೈಯಲ್ಲಿ ಮೀನಿನ ಕತ್ತಿ,
ಮುಖದ ಮೇಲೆ ಏನೂ ಇಲ್ಲದೆ ಏಳೂ ನಿಮಿಷ ಕೇಳಿದಳು.
ಕೆಮ್ಮು ಎಲ್ಲಿ? ಎಂದಳು.
ಮತ್ತೆ ಹಾಕಿಸಿ ಕೇಳಿದಳು.
ಅಪ್ಪನ ಕೆಮ್ಮು ಕತ್ತರಿಸಿದ್ದಾರೆ.

ಎರಡು ಮಳೆಗಾಲದ ಮೇಲೆ ಅವನನ್ನು ಕೊಂಡುಹೋದದ್ದು
ಅದೇ ಕೆಮ್ಮು. ಅದಿಲ್ಲದೆ ಇದರಲ್ಲಿ
ಅವನಿಗೆ ನಲವತ್ತರ ಪ್ರಾಯ, ದಣಿವಿಲ್ಲ,
ಬುಟ್ಟಿ ಯಾರ ಪಾಲಿಗೂ ಬೀಳುವುದಿಲ್ಲ,
ಬಂಗುಡೆಯ ಕಣ್ಣು ಕೆಂಪಾಗುವುದಿಲ್ಲ.

ನಾನು ಲೆಕ್ಕದವ, ಬೇರೆ ಯೋಚನೆ ಬರುವುದಿಲ್ಲ:
ಎಲ್ಲೋ ಒಂದು ಶೀತದೇಶದ ನೆಲಮಾಳಿಗೆ,
ನಡುರಾತ್ರಿ, ಬೆವತ ಇನ್ನೂರು ಮುನ್ನೂರು ತಲೆ
ನೂರೆಪ್ಪತ್ತಕ್ಕೆ ಹೂಂ, ನೂರೆಪ್ಪತ್ತಕ್ಕೆ ಹೂಂ.
ದೂಮಪ್ಪನ ಕಾನೂನಿನಲ್ಲಿ ತಲೆಗೊಂದು ಬುಟ್ಟಿ.
ನಮ್ಮ ಕಡಲಲ್ಲಿ ಅಷ್ಟು ಮೀನು ಈಗೆಲ್ಲಿದೆ?
ಹಾಗೆಂದು ಮೂರನೆಯ ಸಲ ಕೂಗದೆ
ಯಾರ ಹೆಸರಲ್ಲೂ ಬರೆಯುವ ಹಾಗಿಲ್ಲ.

ಯಮುನ ವಯರು ಕಿತ್ತು ನನ್ನ ಕೈಗಿಟ್ಟಳು,
ಅಂಜಲಿನ ರೆಕ್ಕೆ ಕಡಿಯುತ್ತ ತಲೆ ಎತ್ತದೆ ಹೇಳಿದಳು:
ಮಾಸ್ಟ್ರೇ, ನೀವೂ ಆಡಿಸ್ತಾ ಇದ್ದೀರಿ.